ಅಂತಃಪಟದ ಆಚೆ, ಈಚೆ

ಡೊಂಬಿವಲಿ ಪೂರ್ವದ ಒಂದು ಮದುವೆ ಹಾಲ್. ಗಂಡಿನ ಕಡೆಯವರು ಕುಂದಾಪುರದಿಂದ ಬಂದು ಇಲ್ಲಿ ನೆಲೆಯೂರಿದವರು, ಹೆಣ್ಣಿನ ಕಡೆಯವರು ಕಲ್ಯಾಣದ ಮರಾಠಿಗರು. ಊಟಕ್ಕೆ ಯಾರ ಅಡುಗೆ, ಆರತಿಗೆ ಯಾವ ಭಾಷೆಯ ಹಾಡು ಎಂಬುದರಲ್ಲಿ ಸಣ್ಣಪುಟ್ಟ ಎಳೆದಾಟ ನಡೆದಿತ್ತು. ಒಂದು ವಿಷಯದಲ್ಲಿ ಮಾತ್ರ ಯಾರದೂ ತಕರಾರಿರಲಿಲ್ಲ: ಮುಹೂರ್ತದ ಹೊತ್ತಿಗೆ ವಧೂವರರ ನಡುವೆ ತೆರೆ ಹಿಡಿಯಬೇಕು. ನಾವು ಅಂತಃಪಟ ಅನ್ನುತ್ತೇವೆ, ಅವರು ಅಂತರ್‌ಪಾಟ್ ಅನ್ನುತ್ತಾರೆ. ಬಟ್ಟೆ ಅದೇ.

ತೆರೆ ಮೇಲೇರಿತು, ಮಂಗಳಾಷ್ಟಕ ಶುರುವಾಯಿತು. ಪಕ್ಕದಲ್ಲಿ ಕೂತಿದ್ದ ವಾಶಿಯ ಗೆಳತಿ, ವೃತ್ತಿಯಲ್ಲಿ ವಕೀಲೆ, ನನ್ನ ಕಿವಿಯಲ್ಲಿ ಹೇಳಿದಳು: "ಮೂರು ವರ್ಷ ಒಂದೇ ಲೋಕಲ್‌ನಲ್ಲಿ ಠಾಣೆಗೆ ಓಡಾಡಿದವರು ಇವರು. ಈಗ ಯಾರಿಂದ ಯಾರನ್ನು ಮರೆಮಾಡುತ್ತಿದ್ದಾರೆ?" ಆಚೆ ಬದಿಗೆ ಕೂತಿದ್ದ ಠಾಣೆಯ ಹಿರಿಯರು ಹವ್ಯಾಸಿ ಅರ್ಥಧಾರಿ, ತಾಳಮದ್ದಳೆಯಲ್ಲಿ ಎದುರಾಳಿಯ ಮಾತಿಗೆ ಕಿವಿ ತೆರೆದಿಟ್ಟು ಅಭ್ಯಾಸ. "ಆ ಪ್ರಶ್ನೆ ಬಿಲ್ಹಣನಿಗೆ ಕೇಳಬೇಕು" ಎಂದರು.

ಊಟದ ಪಂಕ್ತಿಯಲ್ಲಿ ಶುರುವಾದ ಆ ವಾದ ಪಾಯಸ ಮುಗಿದರೂ ಮುಗಿಯಲಿಲ್ಲ. ಇಬ್ಬರ ಮಾತನ್ನೂ ತೂಗಿ ನೋಡುವ ಕೆಲಸ ನನ್ನ ಪಾಲಿಗೆ ಬಂತು.

ಕವಿ ಬಿಲ್ಹಣನ ಕಥೆ ಹೀಗಿದೆ. ಪಾಂಚಾಲದ ಮದನಾಭಿರಾಮನೆಂಬ ರಾಜನಿಗೆ ಯಾಮಿನೀಪೂರ್ಣತಿಲಕೆ ಎಂಬ ಮಗಳು. ಅವಳಿಗೆ ಕಾವ್ಯ, ಅಲಂಕಾರ ಕಲಿಸಲು ಬಿಲ್ಹಣನಿಗಿಂತ ದೊಡ್ಡ ವಿದ್ವಾಂಸನಿಲ್ಲ. ಆದರೆ ಅವನು ಚೆಲುವ, ಪ್ರಾಯದವನು. ರಾಜನಿಗೆ ದಿಗಿಲು. ಮಂತ್ರಿ ಒಂದು ಉಪಾಯ ಹೂಡಿದ: ಗುರುವಿಗೆ "ರಾಜಕುಮಾರಿಗೆ ಕುಷ್ಠ, ಮುಖ ನೋಡುವಂತಿಲ್ಲ" ಎಂದು ಹೇಳುವುದು, ಶಿಷ್ಯೆಗೆ "ಗುರು ಕುರುಡ" ಎಂದು ಹೇಳುವುದು, ಇಬ್ಬರ ನಡುವೆ ತೆರೆ ಕಟ್ಟುವುದು. ಪಾಠ ಸಾಗಿತು. ಒಂದು ಹುಣ್ಣಿಮೆಯ ರಾತ್ರಿ ತೆರೆಯಾಚೆಯಿಂದ ಬಿಲ್ಹಣ ಚಂದ್ರನನ್ನು ಬಣ್ಣಿಸತೊಡಗಿದ. ಕುರುಡನಿಗೆ ಈ ಬೆಳಕು ಹೇಗೆ ಕಂಡಿತು ಎಂದು ಹುಡುಗಿಗೆ ಅನುಮಾನ ಬಂತು, ತೆರೆ ಸರಿಸಿದಳು. ಗುರು ಕುರುಡನಲ್ಲ, ಶಿಷ್ಯೆಗೆ ಕುಷ್ಠವಿಲ್ಲ. ಮುಂದೆ ಗುಟ್ಟಿನ ಗಾಂಧರ್ವ ವಿವಾಹ, ಗುಟ್ಟು ರಟ್ಟು, ಕವಿಗೆ ಮರಣದಂಡನೆ. ವಧಾಸ್ಥಾನದ ದಾರಿಯಲ್ಲಿ ಅವನು ಐವತ್ತು ಪದ್ಯ ಕಟ್ಟಿದನಂತೆ. ಪ್ರತಿಯೊಂದೂ 'ಅದ್ಯಾಪಿ', ಅಂದರೆ 'ಇಂದಿಗೂ', ಎಂಬ ಮಾತಿನಿಂದ ಶುರು. ಅದೇ 'ಚೌರಪಂಚಾಶಿಕಾ'. ಕೇಳಿದ ರಾಜ ಕರಗಿ, ಮಗಳನ್ನೇ ಧಾರೆಯೆರೆದನಂತೆ.

ಇದು ದಕ್ಷಿಣದ ಪಾಠ. ಉತ್ತರದಲ್ಲಿ ಇದೇ ಕಥೆ ಬೇರೆ ಹೆಸರು, ಬೇರೆ ಊರು ಹೊತ್ತಿದೆ. ಅಲ್ಲಿ ರಾಜ ಗುಜರಾತಿನ ವೈರಿಸಿಂಹ, ಮಗಳು ಶಶಿಕಲೆ. ಹದಿನಾರನೆಯ ಶತಮಾನದ ಹೆಸರಾಂತ ಚಿತ್ರಮಾಲೆಯಲ್ಲಿ ನಾಯಕಿಯ ಹೆಸರು ಚಂಪಾವತಿ. ಬಂಗಾಳದಲ್ಲಿ ಭಾರತಚಂದ್ರ 1752ರಲ್ಲಿ ಇದನ್ನೇ ವಿದ್ಯಾ–ಸುಂದರರ ಕಥೆಯಾಗಿ ಹೇಳಿದಾಗ ತೆರೆಯ ಬದಲಿಗೆ ಸುರಂಗ ಬಂತು. ಕಥೆ ಒಂದೇ, ನಲ್ಲೆಯರು ನಾಲ್ವರು.

"ಇಲ್ಲೇ ಕೇಸು ಬಿದ್ದುಹೋಯಿತು" ಎಂದಳು ವಕೀಲೆ. "ಸಾಕ್ಷಿ ಪ್ರತಿ ಊರಲ್ಲೂ ಬೇರೆ ಹೇಳಿಕೆ ಕೊಡುತ್ತಿದ್ದಾನೆ."

ಅವಳ ಮಾತು ಬರೀ ಚುರುಕಿನದಲ್ಲ, ಆಧಾರವುಳ್ಳದ್ದು. ಕಥೆಯ ಬಿಲ್ಹಣ ಯಾರೋ, ಚರಿತ್ರೆಯ ಬಿಲ್ಹಣ ಮಾತ್ರ ನಮಗೆ ಚೆನ್ನಾಗಿ ಗೊತ್ತಿರುವವನು, ಅದೂ ಅವನ ಬಾಯಿಂದಲೇ. ಕಾಶ್ಮೀರದ ಖೋನಮುಖ ಗ್ರಾಮದವನು. ತಂದೆ ಜ್ಯೇಷ್ಠಕಲಶ, ತಾಯಿ ನಾಗಾದೇವಿ. ಕಲಶರಾಜನ ಕಾಲದಲ್ಲಿ ಊರು ಬಿಟ್ಟು ಮಥುರೆ, ಕನೌಜ, ಪ್ರಯಾಗ, ಕಾಶಿ ಸುತ್ತಿ, ಗುಜರಾತಿನಲ್ಲಿ ಕೆಲಕಾಲ ನಿಂತು, ಸೋಮನಾಥ ನೋಡಿ, ರಾಮೇಶ್ವರದವರೆಗೆ ಹೋಗಿ, ಕೊನೆಗೆ ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಆಸ್ಥಾನ ಸೇರಿ 'ವಿದ್ಯಾಪತಿ'ಯಾದ. ಇದು ನಮ್ಮ ಲೋಕಲ್ ನಿಲ್ಲುವ ಕಲ್ಯಾಣವಲ್ಲ, ಬೀದರ ಜಿಲ್ಲೆಯ ಬಸವಕಲ್ಯಾಣ. ರಾಜನ ಮೇಲೆ ಬರೆದ 'ವಿಕ್ರಮಾಂಕದೇವಚರಿತ'ದ ಹದಿನೆಂಟನೆಯ ಸರ್ಗವನ್ನು ಕವಿ ತನ್ನ ಊರು, ಮನೆತನ, ಅಲೆದಾಟಕ್ಕೇ ಮೀಸಲಿಟ್ಟ. ಅಲ್ಲಿ ರಾಜಕುಮಾರಿಯ ಸುಳಿವಿಲ್ಲ, ಶೂಲದ ಸುಳಿವೂ ಇಲ್ಲ. ಹನ್ನೆರಡನೆಯ ಶತಮಾನದ ನಡುವೆ 'ರಾಜತರಂಗಿಣಿ' ಬರೆದ ಕಲ್ಹಣ ತನ್ನ ನಾಡಿನ ಈ ಕವಿಗೆ ಕರ್ಣಾಟಕದಲ್ಲಿ ಸಿಕ್ಕ ವೈಭವವನ್ನು ಹೇಳುತ್ತಾನೆ, ಪ್ರೇಮಪ್ರಕರಣವನ್ನು ಹೇಳುವುದಿಲ್ಲ. ಇನ್ನು ಚಾವಡ ವಂಶದ ವೈರಿಸಿಂಹ ಆಳಿದ್ದು ಬಿಲ್ಹಣನಿಗಿಂತ ನೂರಕ್ಕೂ ಹೆಚ್ಚು ವರ್ಷ ಮೊದಲು. ಕವಿ ಗುಜರಾತಿಗೆ ಹೋದಾಗ ಗಾದಿಯಲ್ಲಿದ್ದವನು ಕರ್ಣದೇವ. ಅಂದಮೇಲೆ ಯಾವನೋ ಕಟ್ಟಿದ ಕಥೆಯನ್ನು ನಿಜವಾದ ಮನುಷ್ಯನ ಕೊರಳಿಗೆ ಗಂಟುಹಾಕುವುದು ಎಷ್ಟು ಸರಿ?

ಅರ್ಥಧಾರಿಗಳು ಉತ್ತರಿಸಿದ ರೀತಿ ನನಗೆ ಹಿಡಿಸಿತು. ಅವರು ದಾಖಲೆ ಕೊಡಲಿಲ್ಲ, ಇನ್ನೊಂದು ತೆರೆ ತೋರಿಸಿದರು.

"ಬಿಲ್ಹಣ ಬಾಯಿ ಮುಚ್ಚಿದ್ದ ಅಂದರೆ ಏನೂ ನಡೆದಿಲ್ಲ ಅಂತಲೇ? ಅವನು ಮುಚ್ಚಿಟ್ಟಿದ್ದು ಒಂದೆರಡಲ್ಲ. 1076ರಲ್ಲಿ ವಿಕ್ರಮಾದಿತ್ಯ ಸ್ವಂತ ಅಣ್ಣ ಎರಡನೆಯ ಸೋಮೇಶ್ವರನನ್ನು ಕೆಳಗಿಳಿಸಿ ಪಟ್ಟವೇರಿದ, ತನ್ನ ಹೆಸರಿನಲ್ಲಿ ಹೊಸ ಶಕೆಯನ್ನೇ ಶುರುಮಾಡಿದ. ಕಾವ್ಯದಲ್ಲಿ ಏನಿದೆ? ತಂದೆ ಕೊಡಲು ಬಂದ ಪಟ್ಟವನ್ನು ಅಣ್ಣನಿಗಾಗಿ ಬೇಡವೆಂದ ತ್ಯಾಗಿ ಅವನು. ಮುಂದೆ ಅಣ್ಣನ ಮೇಲೆ ಹೋದದ್ದು ಸಾಕ್ಷಾತ್ ಶಿವನ ಅಪ್ಪಣೆಯಿಂದ. ದಾಯಾದಿ ಕಲಹದ ಮುಂದೆ ಇಂಥ ರೇಷ್ಮೆ ತೆರೆ ಕಟ್ಟಿದವನು ತನ್ನ ಮನಸ್ಸಿನ ಮುಂದೆ ಕಟ್ಟಿರಲಾರನೇ? ಆಸ್ಥಾನದ ಕಾವ್ಯ ಚರಿತ್ರೆ ಅನ್ನಿಸಿಕೊಳ್ಳುತ್ತೆ, ಜನ ಹೇಳಿದ ಕಥೆ ಸುಳ್ಳು ಅನ್ನಿಸಿಕೊಳ್ಳುತ್ತೆ. ಇದು ಯಾವ ನ್ಯಾಯ?"

ಈ ಮಾತಿಗೆ ತೂಕವಿದೆ. ಅದೇ ಕಾವ್ಯದಲ್ಲಿ ಕರಹಾಟ, ಅಂದರೆ ಇಂದಿನ ಕರಾಡದ, ಶಿಲಾಹಾರ ರಾಜಕುಮಾರಿ ಚಂದ್ರಲೇಖೆಯ ಚೆಲುವಿಗೆ ಸರ್ಗವೊಂದು ಮೀಸಲಾಗಿದೆ. ಸ್ವಯಂವರದಲ್ಲಿ ಅವಳು ಎಲ್ಲ ಅರಸರನ್ನೂ ದಾಟಿ ಬಂದು ವಿಕ್ರಮನಿಗೆ ಮಾಲೆ ಹಾಕುತ್ತಾಳೆ. ಶಾಸನಗಳ ಚಂದಲದೇವಿ ಅವಳೇ, ನಿಜವಾಗಿ ಇದ್ದ ರಾಣಿ. ಆದರೆ ಆ ಮಾಲೆಯ ಹಿಂದೆ ಎಷ್ಟು ಒಲವು, ಎಷ್ಟು ರಾಜಕಾರಣ ಎಂದು ಹೇಳಬಲ್ಲವರು ಯಾರು? ಕಲ್ಹಣ ಇನ್ನೊಂದು ಸ್ವಾರಸ್ಯ ಹೇಳುತ್ತಾನೆ: ಕಾಶ್ಮೀರದ ಹರ್ಷರಾಜ ಈ ಚಂದಲೆಯ ಚಿತ್ರ ಮಾತ್ರ ನೋಡಿ ಮರುಳಾಗಿ, ಕರ್ಣಾಟಕದ ಅರಸನನ್ನು ಗೆದ್ದು ಅವಳನ್ನು ಪಡೆಯುತ್ತೇನೆಂದು ತುಂಬಿದ ಸಭೆಯಲ್ಲಿ ಶಪಥ ಮಾಡಿದನಂತೆ. ಬಣ್ಣದ ಬಟ್ಟೆಯೊಂದನ್ನೇ ಹೆಣ್ಣೆಂದುಕೊಂಡ ಆ ಅರಸನಿಗೆ ಹೋಲಿಸಿದರೆ ತೆರೆಯ ಹಿಂದಿನ ದನಿಯನ್ನು ಪ್ರೀತಿಸಿದವಳು ವಿವೇಕಿ.

ಆದರೂ ಒಂದು ಮಾತು. ಆಸ್ಥಾನಕವಿ ಸುಳ್ಳು ಹೇಳಿದ ಎಂಬುದರಿಂದ ಜಾನಪದ ನಿಜ ಹೇಳಿತು ಎಂದು ಸಿದ್ಧವಾಗುವುದಿಲ್ಲ. ಚರಿತ್ರೆಯ ಪ್ರಶ್ನೆಯಲ್ಲಿ ತಕ್ಕಡಿ ವಕೀಲೆಯ ಕಡೆಗೇ ವಾಲುತ್ತದೆ. ಕವಿ ನಿಜ, ಐವತ್ತು ಪದ್ಯ ನಿಜ, ತೆರೆ ಕಥೆಗಾರನದು.

ಕಥೆಗಾರನದೇ ಇರಲಿ. ಆ ತೆರೆಯ ಹಿಂದೆ ಹುಟ್ಟಿದ ಒಲವು ಒಪ್ಪತಕ್ಕದ್ದೇ? ವಾದ ನಿಜವಾಗಿ ಬಿಸಿಯೇರಿದ್ದು ಇಲ್ಲಿ.

ವಕೀಲೆಯ ಮೊದಲ ಆಕ್ಷೇಪ ಗುರುವಿನ ಮೇಲೆ. "ಪಾಠ ಹೇಳಲು ಬಂದವನು ಶಿಷ್ಯೆಯನ್ನು ಮದುವೆಯಾದ. ಯಕ್ಷಗಾನದವರು ನೀವು, ಬೃಹನ್ನಳೆಯನ್ನು ಮರೆತಿರಾ?" ಒಳ್ಳೆಯ ಏಟು. ವಿರಾಟನ ಅರಮನೆಯಲ್ಲಿ ಅರ್ಜುನ ವೇಷ ಮರೆಸಿಕೊಂಡು ಒಂದು ವರ್ಷ ಉತ್ತರೆಗೆ ನಾಟ್ಯ ಕಲಿಸಿದ. ಅಜ್ಞಾತವಾಸ ಮುಗಿದು ನಿಜರೂಪ ತೋರಿದಾಗ ವಿರಾಟನೇ ಮಗಳನ್ನು ಕೊಡಲು ಮುಂದೆ ಬಂದ. ಅರ್ಜುನ ಒಲ್ಲೆನೆಂದ, ಅವಳು ನನ್ನನ್ನು ಗುರುವೆಂದು ನಂಬಿದ್ದಾಳೆ, ನನಗೆ ಮಗಳ ಸಮಾನ ಎಂದು ಅಭಿಮನ್ಯುವಿಗೆ ತಂದುಕೊಂಡ. ವಿರಾಟನಗರಿ ನಮ್ಮ ಹಾನಗಲ್ಲೇ ಎಂಬ ನಂಬಿಕೆ ಕನ್ನಡನಾಡಿನಲ್ಲಿ ಹಳೆಯದು. ಹಾಗಾಗಿ ಈ ಆದರ್ಶ ನಮಗೆ ಪಕ್ಕದ ಮನೆಯದೇ. ವೇಷದಲ್ಲಿ ಗಳಿಸಿದ ನಂಬಿಕೆಯನ್ನು ವೇಷ ಕಳಚಿದ ಮೇಲೆ ಬೇರೆ ನಾಣ್ಯಕ್ಕೆ ಬದಲಾಯಿಸಿಕೊಳ್ಳಬಾರದು ಎಂಬುದು ಅದರ ತಿರುಳು.

"ಅದೇ ಅರ್ಜುನ ಸನ್ಯಾಸಿ ವೇಷದಲ್ಲಿ ದ್ವಾರಕೆಗೆ ಹೋಗಿ ಸುಭದ್ರೆಯನ್ನು ಹಾರಿಸಿಕೊಂಡು ಬಂದ. 'ಸುಭದ್ರಾ ಕಲ್ಯಾಣ' ಆಡಿದಾಗ ನೀವೇ ಚಪ್ಪಾಳೆ ತಟ್ಟುತ್ತೀರಿ" ಎಂದರು ಹಿರಿಯರು. ನಮ್ಮ ಪುರಾಣ ಎರಡೂ ಕಡೆಗೆ ಸಾಕ್ಷಿ ಹೇಳಲು ಸದಾ ಸಿದ್ಧ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿ. ಸುಳ್ಳಿನ ಮೇಲೆ ಕಟ್ಟಿದ ಸಂಬಂಧಕ್ಕೆ ಒಪ್ಪಿಗೆ ಎಂಬುದೇ ಇರುವುದಿಲ್ಲ. ಯಾರನ್ನು ಒಪ್ಪುತ್ತಿದ್ದೇನೆ ಎಂದು ಗೊತ್ತಿಲ್ಲದವರ ಒಪ್ಪಿಗೆ ಖಾಲಿ ಚೆಕ್ಕಿನಂತೆ. ಹಿಂದೂ ವಿವಾಹ ಕಾಯ್ದೆಯ 12ನೇ ಕಲಮಿನ ಪ್ರಕಾರ, ಎದುರು ಪಕ್ಷದ ಬಗ್ಗೆ ಮುಖ್ಯವಾದ ಸಂಗತಿಯಲ್ಲಿ ವಂಚಿಸಿ ಒಪ್ಪಿಗೆ ಪಡೆದಿದ್ದರೆ ಮದುವೆಯನ್ನು ರದ್ದು ಮಾಡಿಸಬಹುದು. ಹಿಂದಿನ ಮದುವೆ, ಕಾಯಿಲೆ, ಇಲ್ಲದ ಕೆಲಸ: ವಿವಾಹ ಜಾಲತಾಣದ ಫೋಟೊಗಳ ಹಿಂದೆ ಇಂಥವನ್ನು ಮುಚ್ಚಿಡುವವರು ಇದ್ದಾರೆ. ಹಾಗೆ ಮೋಸಹೋದ ಹೆಣ್ಣುಮಕ್ಕಳ ಕಣ್ಣೀರು ಕಂಡವಳಿಗೆ ತೆರೆಯ ಕಥೆ ರಮ್ಯವಾಗಿ ಕಾಣದಿದ್ದರೆ ತಪ್ಪೇನು?

ಹಳೆಯ ಶಾಸ್ತ್ರವೂ ಅವಳ ಪರವೇ. ಯಾಜ್ಞವಲ್ಕ್ಯ ಸ್ಮೃತಿಯ ಮೇಲಿನ ಪ್ರಸಿದ್ಧ ವ್ಯಾಖ್ಯಾನ 'ಮಿತಾಕ್ಷರಾ'. ಅದನ್ನು ಬರೆದ ವಿಜ್ಞಾನೇಶ್ವರ ಇದ್ದದ್ದು ಬಿಲ್ಹಣನಿದ್ದ ಕಲ್ಯಾಣದಲ್ಲೇ, ಅದೇ ವಿಕ್ರಮಾದಿತ್ಯನ ಆಶ್ರಯದಲ್ಲೇ. ಅದೇ ಸ್ಮೃತಿಗೆ ಇನ್ನೊಂದು ದೊಡ್ಡ ವ್ಯಾಖ್ಯಾನ ಬರೆದವನು ಅಪರಾರ್ಕ, ಉತ್ತರ ಕೊಂಕಣದ ಶಿಲಾಹಾರ ಅರಸ ಅಪರಾದಿತ್ಯ. ಅವನ ವಂಶದ ರಾಜಧಾನಿ ಸ್ಥಾನಕ, ಅಂದರೆ ಠಾಣೆ. ಅವನು ಕಾಶ್ಮೀರದ ವಿದ್ವತ್ಸಭೆಗೆ ತೇಜಕಂಠನೆಂಬ ದೂತನನ್ನು ಕಳಿಸಿದ್ದನ್ನು ಮಂಖಕವಿ 'ಶ್ರೀಕಂಠಚರಿತ'ದಲ್ಲಿ ಹೇಳಿದ್ದಾನೆ. ಕಾಶ್ಮೀರದಿಂದ ಕಲ್ಯಾಣಕ್ಕೆ ಕವಿ ಬಂದ, ಠಾಣೆಯಿಂದ ಕಾಶ್ಮೀರಕ್ಕೆ ದೂತ ಹೋದ! ಈ ಇಬ್ಬರೂ ಪಂಡಿತರು ವ್ಯಾಖ್ಯಾನಿಸಿದ ಸ್ಮೃತಿಯಲ್ಲಿ ಒಂದು ಕಟ್ಟಳೆ ಇದೆ: ದೋಷವನ್ನು ಹೇಳದೆ ಕನ್ಯೆಯನ್ನು ಕೊಟ್ಟವನಿಗೆ 'ಉತ್ತಮ ಸಾಹಸ', ಅಂದರೆ ಅತಿ ದೊಡ್ಡ ದಂಡ, ಇಲ್ಲದ ದೋಷವನ್ನು ಕನ್ಯೆಯ ಮೇಲೆ ಹೊರಿಸಿದವನಿಗೆ ನೂರು ಪಣ ದಂಡ.

ಇದನ್ನು ಕೇಳಿ ಹಿರಿಯರು ನಕ್ಕರು. "ಹಾಗಾದರೆ ದಂಡ ಯಾರ ಮೇಲೆ ಬೀಳಬೇಕು ಹೇಳಿ. ಮಗಳಿಗೆ ಕುಷ್ಠವಿದೆ ಎಂದವನು ಬಿಲ್ಹಣನಲ್ಲ, ಅವಳಪ್ಪ."

ಅಲ್ಲಿಯವರೆಗೆ ನಾನು ಗಮನಿಸದಿದ್ದ ಎಳೆ ಇದು. ಈ ಕಥೆಯ ಪ್ರೇಮಿಗಳಿಬ್ಬರೂ ಮರೆಯಾಗಿದ್ದಾರೆ, ಆದರೆ ಇಬ್ಬರೂ ಸುಳ್ಳು ಹೇಳಿಲ್ಲ. ಅವರ ನಿಜರೂಪವನ್ನು ಅಡಗಿಸಿದವರು ಅವರನ್ನು ಕಾಯುತ್ತೇವೆಂದು ಹೊರಟವರು. ಬಳಸಿದ ಸಾಧನವಾದರೂ ಎಂಥದ್ದು? ಜನ ಹೇಸುವ ರೋಗ, ಜನ ಮರುಗುವ ಕುರುಡು. ಕಥೆಯ ಮಂತ್ರಿಯ ಕ್ರೌರ್ಯ ಹಳೆಯ ಕಾಲದ್ದೆಂದು ನಾವು ಬೀಗುವಂತಿಲ್ಲ. ಕುಷ್ಠವನ್ನು ವಿಚ್ಛೇದನಕ್ಕೆ ಕಾರಣವೆಂದು ಒಪ್ಪುವ ಮಾತು ನಮ್ಮ ಕಾಯ್ದೆಯಿಂದ ಹೊರಗೆ ಹೋದದ್ದು 2019ರಲ್ಲಿ.

ಮರೆಮಾಚುವುದರ ಪರವಾಗಿ ಹಿರಿಯರ ಕೊನೆಯ ವಾದ ಎಲ್ಲರನ್ನೂ ಒಂದು ಗಳಿಗೆ ಸುಮ್ಮನಾಗಿಸಿತು. ಬಿಲ್ಹಣನ ಬಳಿಕ ನೂರು ವರ್ಷವೂ ತುಂಬಿರಲಿಲ್ಲ, ಅದೇ ಕಲ್ಯಾಣದಲ್ಲಿ ಇನ್ನೊಂದು ಮದುವೆ ನಡೆಯಿತು. ಬಸವಣ್ಣನವರ ಕಾಲ. ಸಮಗಾರ ಹರಳಯ್ಯನ ಮಗ, ಬ್ರಾಹ್ಮಣ ಮಧುವರಸನ ಮಗಳು, ಇಬ್ಬರ ಮನೆಯವರೂ ಶರಣರು. ಅಲ್ಲಿ ತೆರೆ ಇರಲಿಲ್ಲ, ವೇಷ ಇರಲಿಲ್ಲ, ಗುಟ್ಟು ಇರಲಿಲ್ಲ. ಹಾಡುಹಗಲೇ ನಡೆದ ಮದುವೆ. ಹರಳಯ್ಯ, ಮಧುವರಸರಿಗೆ ದೊರೆ ಬಿಜ್ಜಳ ವಿಧಿಸಿದ, ಎಳೆದು ಕೊಲ್ಲುವ ಎಳೆಹೂಟೆಯ ಶಿಕ್ಷೆಯನ್ನು, ಅದರ ಹಿಂದೆಯೇ ಕಲ್ಯಾಣ ಹೊತ್ತಿ ಉರಿದದ್ದನ್ನು ಶರಣ ಪರಂಪರೆ ಇಂದಿಗೂ ನೆನೆಯುತ್ತದೆ. ಗಿರೀಶ ಕಾರ್ನಾಡರ 'ತಲೆದಂಡ' ಈ ಕಥೆಯನ್ನೇ ರಂಗಕ್ಕೆ ತಂದ ನಾಟಕ. "ಬಚ್ಚಿಟ್ಟುಕೊಂಡು ಪ್ರೀತಿಸಿದ ಕವಿಯ ತಲೆ ಉಳಿಯಿತು. ಬಯಲಿನಲ್ಲಿ ಮದುವೆ ಮಾಡಿದವರ ತಲೆ ಉರುಳಿತು. ಇನ್ನು ನಮ್ಮ ಮಕ್ಕಳಿಗೆ ಬಚ್ಚಿಡಬೇಡಿ ಅನ್ನುವ ಮುಖ ನಮಗಿದೆಯೇ?"

ಇಲ್ಲ. ಜಾತಿಯ ಕಾರಣಕ್ಕೆ, ಧರ್ಮದ ಕಾರಣಕ್ಕೆ ಮನೆಯಲ್ಲಿ ಬೇರೆ ಹೆಸರು ಹೇಳಿ ಫೋನಿನಲ್ಲಿ ಮಾತಾಡುವ ಮಕ್ಕಳು ಡೊಂಬಿವಲಿಯಲ್ಲೂ ಇದ್ದಾರೆ, ಧಾರವಾಡದಲ್ಲೂ ಇದ್ದಾರೆ. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆಯಾಗುವವರು 30 ದಿನ ಮುಂಚಿತವಾಗಿ ನೋಟಿಸು ಕೊಡಬೇಕು, ಅದು ಕಚೇರಿಯ ಗೋಡೆಯ ಮೇಲೆ ಬರುತ್ತದೆ. ವಂಚನೆ ತಡೆಯಲು ಇದು ಬೇಕು ಎನ್ನುವವರಿದ್ದಾರೆ. ಮೊದಲೇ ಮದುವೆಯಾದವನ ಬಣ್ಣ ಬಯಲಾಗುವುದು ಹೀಗೆಯೇ ಎಂಬ ಅವರ ಮಾತು ಸುಳ್ಳಲ್ಲ. ಅದೇ ಗೋಡೆಯ ಚೀಟಿ ಓದಿಕೊಂಡು ಹೊಡೆಯಲು ಬರುವವರೂ ಇದ್ದಾರೆ ಎನ್ನುವವರ ಭಯವೂ ಸುಳ್ಳಲ್ಲ. ತೆರೆಯನ್ನು ಸರಿಸುವ ಹಕ್ಕು ಒಳಗಿರುವ ಇಬ್ಬರದು. ಬೀದಿಯವರು ಬಂದು ಹರಿದರೆ ಅದಕ್ಕೆ ಸತ್ಯದರ್ಶನ ಎಂಬ ಹೆಸರು ಒಪ್ಪುವುದಿಲ್ಲ.

ಹಾಗೆಂದು ಹಿರಿಯರ ಮಾತನ್ನು ಪೂರ್ತಿ ಒಪ್ಪಿದರೂ ಅಪಾಯ. ಊರಿನಿಂದ ಮುಚ್ಚಿಡುವುದು ಬೇರೆ, ಒಬ್ಬರಿಂದೊಬ್ಬರು ಮುಚ್ಚಿಡುವುದು ಬೇರೆ. ಮೊದಲನೆಯದು ಎಷ್ಟೋ ಸಲ ಜೀವ ಉಳಿಸಿಕೊಳ್ಳುವ ದಾರಿ. ಎರಡನೆಯದಕ್ಕೆ ಆ ನೆಪ ಸಲ್ಲದು. ಬಿಲ್ಹಣನ ಕಥೆಯನ್ನು ಹಾಡಿ ಹೊಗಳುವವರು ಈ ಗೆರೆಯನ್ನು ಅಳಿಸಿಬಿಡುತ್ತಾರೆ. ಪ್ರೀತಿಗಾಗಿ ಹೇಳಿದ ಸುಳ್ಳಿಗೆಲ್ಲ ಮಾಫಿ ಸಿಕ್ಕಿಬಿಡುತ್ತದೆ.

ನಾನು ಒಂದು ನಿಲುವಿಗೆ ಬಂದದ್ದು ವಕೀಲೆ ಹೇಳಿದ ಕಾಯ್ದೆಯ ಮುಂದಿನ ಸಾಲಿನಿಂದಲೇ. ವಂಚನೆ ಬಯಲಾದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಬಯಲಾದ ಮೇಲೂ ಒಪ್ಪಿ ಒಟ್ಟಿಗೆ ಬಾಳಿದ್ದರೆ ಅರ್ಜಿ ನಿಲ್ಲುವುದಿಲ್ಲ. ಒಣ ಕಾನೂನಿನ ಮಾತು, ಆದರೆ ಒಲವಿನ ಬಗ್ಗೆ ಇದಕ್ಕಿಂತ ನೇರವಾಗಿ ಹೇಳುವುದು ಕಷ್ಟ. ತೆರೆ ಇತ್ತೇ ಇಲ್ಲವೇ ಎಂಬಲ್ಲಿಗೆ ಪ್ರಶ್ನೆ ಮುಗಿಯುವುದಿಲ್ಲ. ಕಟ್ಟಿದವರು ಯಾರು? ಅದು ಬಿದ್ದ ಮೇಲೆ, ಎದುರಿಗಿರುವವರನ್ನು ಹೊಸದಾಗಿ ನೋಡಿ, ಇಬ್ಬರೂ ಮತ್ತೊಮ್ಮೆ ಹೂಂ ಅಂದರೇ? ಹುಣ್ಣಿಮೆಯ ರಾತ್ರಿ ಆ ಹುಡುಗಿ ತೆರೆ ಸರಿಸುವವರೆಗೆ ನಡೆದದ್ದು ಪಾಠ. ಸರಿಸಿ, ನೋಡಿ, ಅಲ್ಲೇ ನಿಂತಳಲ್ಲ, ಅವಳ ಒಪ್ಪಿಗೆ ಶುರುವಾದದ್ದು ಅಲ್ಲಿಂದ. ಗುರು–ಶಿಷ್ಯೆಯ ಆಕ್ಷೇಪ ಆಗಲೂ ಉಳಿಯುತ್ತದೆ. ಅದಕ್ಕೆ ನನ್ನಲ್ಲಿ ಸಮಾಧಾನವಿಲ್ಲ. ಆ ಒಂದು ಅಂಕ ಬೃಹನ್ನಳೆಗೇ.

ಕಥೆಯನ್ನು ಚರಿತ್ರೆಯೆಂದು ಹೇಳುವವರಿಗೂ ಇದೇ ಅಳತೆ. ಈ ಹಾಲ್‌ನಂಥ ಜಾಗದಲ್ಲೇ ನಮ್ಮ ಹವ್ಯಾಸಿಗಳು ಯಕ್ಷಗಾನ ಆಡುತ್ತಾರೆ. ಕಿರೀಟ ಕಟ್ಟಿ ಕುಣಿಯುವ ಅರ್ಜುನ ಬೆಳಗ್ಗೆ ಹೋಟೆಲಿನ ಗಲ್ಲಾದಲ್ಲಿ ಕೂರುವವನೆಂದು ಎದುರು ಕೂತವರಿಗೆ ಗೊತ್ತು. ಸುಭದ್ರೆಯ ಸೀರೆಯುಟ್ಟವನಿಗೆ ಮೀಸೆ ಬೋಳಿಸಿದ ಗುರುತಿದೆ ಎಂದೂ ಗೊತ್ತು. ಎರಡೂ ಕಡೆಯವರಿಗೆ ಗೊತ್ತಿದ್ದರೆ ವೇಷ, ಒಂದು ಕಡೆಯವರಿಗಷ್ಟೇ ಗೊತ್ತಿದ್ದರೆ ಮೋಸ. ಬಿಲ್ಹಣನೂ ಈ ಆಟ ಬಲ್ಲವನೇ. ಅವನ 'ಕರ್ಣಸುಂದರಿ' ನಾಟಿಕೆಯಲ್ಲಿ ರಾಣಿ, ನಾಯಕಿಯ ಉಡುಪು ತೊಡಿಸಿದ ಹುಡುಗನನ್ನು ರಾಜನಿಗೆ ಗಂಟುಹಾಕಲು ಹೊರಟು ತಾನೇ ಬೇಸ್ತುಬೀಳುತ್ತಾಳೆ. ಪ್ರೇಕ್ಷಕರಿಗೆ ಎಲ್ಲ ತಿಳಿದಿರುವುದರಿಂದ ಅದು ನಗು. ಅದೇ ಕವಿ ಅಣ್ಣತಮ್ಮಂದಿರ ಜಗಳಕ್ಕೆ ಶಿವನನ್ನು ಅಡ್ಡ ತಂದದ್ದನ್ನು ಚರಿತ್ರೆಯೆಂದೇ ಓದಿದವರು ಮೋಸಹೋದವರು. ತೆರೆಯ ಕಥೆಯನ್ನು ಕಥೆಯೆಂದೇ ಹೇಳಿದರೆ ಕವಿಗೆ ಅನ್ಯಾಯವಾಗದು, ಕೇಳುವವರ ರಸಭಂಗವೂ ಆಗದು.

ನಾವು ಕೈತೊಳೆದು ಬರುವಷ್ಟರಲ್ಲಿ ಹಾಲ್ ಖಾಲಿಯಾಗುತ್ತಿತ್ತು. ವಕೀಲೆಗೆ ಠಾಣೆಗೆ ಹೋಗಿ ವಾಶಿಯ ಗಾಡಿ ಹಿಡಿಯಬೇಕು, ಹಿರಿಯರಿಗೂ ಅಲ್ಲಿಯವರೆಗೆ ಜೊತೆ. ದಾರಿಯುದ್ದಕ್ಕೂ ವಾದ ಬಿಡರೆಂಬುದು ಅವರ ನಡಿಗೆಯಲ್ಲೇ ಗೊತ್ತಾಗುತ್ತಿತ್ತು. ಮಂಟಪದಲ್ಲಿ ವಧೂವರರು ಫೋಟೊಗೆ ನಿಂತಿದ್ದರು, ಕೂದಲಲ್ಲಿ ಇನ್ನೂ ಅಕ್ಷತೆ ಕಾಳು. ಅಂತಃಪಟ ಕುರ್ಚಿಯ ಮೇಲೆ ಬಿದ್ದಿತ್ತು. ಗಂಡಿನ ಅತ್ತೆಯೊಬ್ಬರು ಎತ್ತಿ ಕೊಡವಿದರು. ನಡುವೆ ಎಲ್ಲೋ ಅರಿಸಿನದ ಕೈಗುರುತು ಮೂಡಿತ್ತು. ತೆರೆ ಇಳಿಯುವ ಮೊದಲೇ ಯಾರೋ ಒಬ್ಬರು ಅದನ್ನು ಮುಟ್ಟಿ ನೋಡಿದ್ದರು. ಆಚೆಯವರೋ, ಈಚೆಯವರೋ ತಿಳಿಯಲಿಲ್ಲ.